ಶ್ರೀಗೆ ಎರಡನೇ ಸಾಲು

ಆಯುಧಪೂಜೆಗೆಂದು ಬೆಳಿಗ್ಗೆ ಲ್ಯಾಪ್‌ಟಾಪ್ ಒರೆಸುತ್ತಿದ್ದೆ. ಕೀಲಿಗಳ ಸಂದಿಯಲ್ಲಿ ಹೋದ ವರ್ಷದ ಕುಂಕುಮ ಇನ್ನೂ ಕೂತಿತ್ತು. ಹಳೆ ಟೂತ್‌ಬ್ರಷ್ಷಿನಿಂದ ಕೆದಕಿದೆ, ಬರಲಿಲ್ಲ. ದೇವರ ಕುಂಕುಮ ತಾನೇ, ಇರಲಿ ಎಂದು ಬಿಟ್ಟೆ. ಆದರೆ ಆ ಕೆಂಪು ಚೂರನ್ನು ಕಂಡದ್ದೇ ಈ ಕೆಲಸ ಕಲಿತ ದಿನಗಳು ನೆನಪಾದವು. ನಿಮಗೂ ಹೀಗಾಗುತ್ತದೆಯೋ ಏನೋ, ಭಯ ಎದ್ದುಹೋದ ಮೇಲೂ ಅದು ಕೂತಿದ್ದ ಜಾಗ ಬೆಚ್ಚಗೇ ಇರುತ್ತದೆ.

ನಮ್ಮ ಮನೆ ಚಿಕ್ಕಬಾಣಾವರದಲ್ಲಿ. ಯಜಮಾನರು ಪೀಣ್ಯದಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದವರು. ಎದೆನೋವು ಬಂತು. ಎದೆ ತೆರೆದು ಆಪರೇಷನ್ ಮಾಡಬೇಕು, ಆಮೇಲೂ ನಿಂತು ಮಾಡುವ ಕೆಲಸ ಆಗದು ಎಂದರು ಡಾಕ್ಟರು. ಮನೆ ನಡೆಯಬೇಕಲ್ಲ. ಅವರ ಕಾರ್ಖಾನೆಯ ಹತ್ತಿರವೇ, ಬೇಕರಿಯ ಮೇಲಿನ ಮಹಡಿಯಲ್ಲಿ ಒಂದು ಪುಟ್ಟ ಆಫೀಸಿತ್ತು. ಯಂತ್ರಗಳ ಬಿಡಿಭಾಗಗಳ ಹಳೆ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ. ಮದುವೆಗೆ ಮುಂಚೆ ಟೈಪಿಂಗ್ ಕಲಿತಿದ್ದೆನೆಂಬ ಒಂದೇ ಧೈರ್ಯದ ಮೇಲೆ ಹೋದೆ. ಕಲಿಯಿರಿ, ಕಡೆಗೆ ಒಂದು ಫೈಲು ನೀವೇ ಮಾಡಿಕೊಡಿ, ಸರಿಯಿದ್ದರೆ ಕೆಲಸ ಎಂದರು ಆಫೀಸಿನವರು.

ಕಲಿಸಿದವಳು ಶಾಹೀನ್, ನನಗೆ ಮಗಳಾಗಬಹುದಾದ ವಯಸ್ಸಿನವಳು. ಕಲಿಯಬೇಕಾದದ್ದು ಎಕ್ಸ್‌ಎಂಎಲ್. ಯಂತ್ರ ಓದಿಕೊಳ್ಳುವಂತೆ ಮಾಹಿತಿ ಜೋಡಿಸಿಡುವ ರೀತಿಯಂತೆ; ಹೆಸರು ಕೇಳಿಯೇ ಹೆದರಿದೆ. ಅವಳು ಅಡುಗೆಮನೆಯ ಡಬ್ಬಗಳ ಲೆಕ್ಕದಲ್ಲಿ ಹೇಳಿಕೊಟ್ಟಳು. ಪ್ರತಿ ವಿಷಯಕ್ಕೂ ಒಂದು ಡಬ್ಬ, ಡಬ್ಬದ ಮೇಲೆ ಹೆಸರು. ಹೆಸರು ಬರೆದು ತೆರೆಯಬೇಕು, ಒಳಗೆ ಸಾಮಾನು ಇಡಬೇಕು, ಅದೇ ಹೆಸರಿಗೆ ಒಂದು ಓರೆಗೆರೆ ಸೇರಿಸಿ ಮುಚ್ಚಬೇಕು. ದೊಡ್ಡ ಡಬ್ಬದೊಳಗೆ ಚಿಕ್ಕದಿದ್ದರೆ ಮೊದಲು ಚಿಕ್ಕದನ್ನು ಮುಚ್ಚಬೇಕು. ಒಂದನ್ನು ಮರೆತರೂ ಯಂತ್ರ ಇಡೀ ಫೈಲನ್ನು ಒಪ್ಪುವುದಿಲ್ಲ.

ಕಲಶಕ್ಕೆ ಕರೆದ ದೇವರನ್ನು ಮಂತ್ರ ಹೇಳಿ ಕಳಿಸಿಕೊಡದೆ ನಾವು ಕಲಶ ಕದಲಿಸುತ್ತೇವೆಯೇ? ಹಾಗಾಗಿ ವಿಷಯ ಬೇಗ ತಿಳಿಯಿತು, ತಿಳಿದದ್ದರಿಂದಲೇ ಭಯ ಹೆಚ್ಚಾಯಿತು. ಬಸ್ಸಿನಲ್ಲಿ ಕೂತರೂ ಎಲ್ಲೋ ಒಂದನ್ನು ಮುಚ್ಚದೆ ಬಂದೆನೇನೋ ಅನ್ನಿಸುತ್ತಿತ್ತು. ಮನೆಯಲ್ಲಿ ಹೇಳಿಕೊಂಡರೆ ಇವರು ಮಲಗಿದಲ್ಲೇ ನಕ್ಕರು. "ಗ್ಯಾಸ್ ಆರ್ಸಿದೀನಾ ಅಂತ ಬೀದಿ ತುದಿಯಿಂದ ವಾಪಸ್ ಬರೋಳು ನೀನು. ಮುಚ್ಚೋ ಕೆಲ್ಸ ನಿಂಗಲ್ದೆ ಇನ್ಯಾರಿಗ್ ಕೊಡ್ತಾರೆ?" ನಗುತ್ತಲೇ ಎದೆ ಹಿಡಿದುಕೊಂಡರು. ಅಯ್ಯೋ, ನಗಿಸಬಾರದಿತ್ತೇನೋ ಎಂದು ಅದಕ್ಕೂ ಹೆದರಿದೆ.

ಪರೀಕ್ಷೆಯ ಫೈಲು ಕೊಟ್ಟದ್ದು ಶನಿವಾರ. ಸೋಮವಾರ ಇವರ ಆಪರೇಷನ್. ಅಲ್ಲಿಯವರೆಗೆ ಶಾಹೀನ್ ಶುರುಮಾಡಿ ಕೊಟ್ಟ ಫೈಲುಗಳಲ್ಲೇ ತುಂಬುತ್ತಿದ್ದೆ; ಅವತ್ತು ಮೊದಲ ಸಲ ಖಾಲಿ ಫೈಲು. ಬೇರಿಂಗು, ಬೋಲ್ಟು, ವಾಷರು ಎಲ್ಲವನ್ನೂ ಅದರದರ ಡಬ್ಬಕ್ಕೆ ಹಾಕಿ ಮುಚ್ಚಿ, ಮನೆದೇವರನ್ನು ನೆನೆದು, ತಪ್ಪು ಹುಡುಕುವ ಗುಂಡಿ ಒತ್ತಿದೆ. ಕೆಂಪಕ್ಷರ ಬಂತು. ಮೊದಲ ಸಾಲಿನಲ್ಲೇ ತಪ್ಪಂತೆ. ಮೊದಲ ಸಾಲೆಂದರೆ, ಇದು ಎಕ್ಸ್‌ಎಂಎಲ್ ಫೈಲು ಎಂದು ಯಂತ್ರಕ್ಕೆ ತಿಳಿಸುವ ಸಾಲು. ಅಕ್ಷರಕ್ಕೆ ಅಕ್ಷರ ಸರಿಯಿತ್ತು. ಮತ್ತೆ ಒತ್ತಿದೆ. ಮತ್ತೆ ಕೆಂಪು.

ಶಾಹೀನ್ ಬಂದು ಬಗ್ಗಿ ನೋಡಿದಳು. "ಆಂಟಿ, ಮೇಲ್ಗಡೆ ಇದೇನು?"

"ಶ್ರೀ ಕಣಮ್ಮ."

ಏನು ಬರೆದರೂ ನೆತ್ತಿಯ ಮೇಲೆ ಶ್ರೀ ಹಾಕುವುದು ನನ್ನ ರೂಢಿ. ದಿನಸಿಯ ಚೀಟಿಗೂ ಹಾಕುತ್ತೇನೆ. ನನ್ನ ಲೆಕ್ಕದಲ್ಲಿ ಅದು ಸಾಲೇ ಅಲ್ಲ. ಯಂತ್ರವೋ, ತನ್ನ ಸಾಲಿಗಿಂತ ಮುಂಚೆ ಒಂದು ಚುಕ್ಕೆಯನ್ನೂ ಒಪ್ಪುವುದಿಲ್ಲವಂತೆ. ಅಳಿಸಿದರೆ ಆಯಿತು. ಅಳಿಸುವ ಕೀಲಿಯ ಮೇಲೆ ಬೆರಳಿಟ್ಟೆ, ಒತ್ತಲಾಗಲಿಲ್ಲ. ನಾಡಿದ್ದು ಇವರನ್ನು ಒಳಗೆ ಕರೆದುಕೊಂಡು ಹೋಗುತ್ತಾರೆ, ಇವತ್ತು ನಾನು ಕೈಯಾರೆ ಶ್ರೀ ಅಳಿಸುವುದೇ? ಅಳಿಸದಿದ್ದರೆ ಕೆಲಸವಿಲ್ಲ. ನೀವು ನಗಬಹುದು. ಈಗ ನನಗೂ ಸ್ವಲ್ಪ ನಗು ಬರುತ್ತದೆ, ಅವತ್ತು ಬರಲಿಲ್ಲ.

ಶಾಹೀನ್ ನಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತಳು. "ನಮ್ಮ ಅಬ್ಬಾನೂ ಅಂಗಡಿ ಚೀಟಿ ಮೇಲೆ ೭೮೬ ಹಾಕ್ದೆ ಶುರು ಮಾಡಲ್ಲ. ಅಳ್ಸೋದ್ ಬೇಡ ಆಂಟಿ. ಶ್ರೀನ ಮುಟ್ಟೋದೇ ಬೇಡ. ಮಷೀನ್ ಸಾಲನ್ನೇ ಎತ್ತಿ ಮೇಲಕ್ಕೆ ಹಾಕಿ, ಶ್ರೀ ಸುತ್ತ ಕಾಮೆಂಟ್ ಗುರುತು ಹಾಕ್ಬಿಡಿ. ಅಲ್ಲೇ ಇರುತ್ತೆ, ಮಷೀನ್ ಓದಲ್ಲ ಅಷ್ಟೇ."

"ಓದ್ದೇ ಇದ್ರೆ ಇದ್ದೇನಮ್ಮ ಪ್ರಯೋಜನ?"

"ನೀವು ಬರೆದಿದ್ದು ಮಷೀನ್ ಓದ್ಲಿ ಅಂತಾನಾ?"

ಅವಳು ಹೇಳಿದಂತೆ ಮಾಡಿ ಗುಂಡಿ ಒತ್ತಿದೆ. ಹಸಿರು ಬಂತು, ಕೆಲಸವೂ ಸಿಕ್ಕಿತು. ಆದರೂ ಶ್ರೀ ಎರಡನೇ ಸಾಲಿಗೆ ಇಳಿಯಿತಲ್ಲ ಎಂಬ ಅಳುಕು ಬಿಡಲಿಲ್ಲ. ಸೋಮವಾರ ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ದಿನಾ ಹೇಳುವ ಒಂದು ಸ್ತೋತ್ರವೂ ಬಾಯಿಗೆ ಬರಲಿಲ್ಲ. ಎದೆ ತೆರೆದಿದ್ದಾರೆ, ಸರಿಯಾಗಿ ಮುಚ್ಚಲಪ್ಪ ಎಂದಷ್ಟೇ ಕೇಳಿಕೊಂಡೆ.

ಮುಚ್ಚಿದರು. ಮನೆಗೆ ಬಂದ ದಿನ ಇವರು ಗಂಜಿ ಕುಡಿದು, ಉಪ್ಪಿಲ್ಲವೆಂದು ಗೊಣಗಿದರು. ಆ ಗೊಣಗಾಟವನ್ನೂ ದೇವರು ಕೊಟ್ಟದ್ದರ ಲೆಕ್ಕಕ್ಕೇ ಸೇರಿಸಿಕೊಂಡೆ.

ಈಗ ಮನೆಯಿಂದಲೇ ಕೆಲಸ. ಪೂಜೆಗೆ ಇಟ್ಟ ಮೇಲೆ ಲ್ಯಾಪ್‌ಟಾಪ್ ಮುಟ್ಟುವಂತಿಲ್ಲ, ಅದಕ್ಕೇ ಇವತ್ತು ಒರೆಸಿದ ಕೂಡಲೇ ಉಳಿದಿದ್ದ ಫೈಲನ್ನು ಶುರುಮಾಡಿದೆ. ಮೊದಲು ಯಂತ್ರದ ಸಾಲು. ಅದರ ಕೆಳಗೆ, ಗುರುತಿನೊಳಗೆ, ಶ್ರೀ. ಬೆರಳು ಈಗ ತಾನಾಗಿಯೇ ಅಲ್ಲಿಗೆ ಹೋಗುತ್ತದೆ, ಅಳುಕುವುದಿಲ್ಲ. ಒಳಗಿನ ಕೋಣೆಯಲ್ಲಿ ಇವರು ಕೆಮ್ಮಿದರು. ಕೈ ನಿಂತಿತು. ಕೆಮ್ಮು ನಿಲ್ಲುವವರೆಗೆ ಕಾದು, ಆಮೇಲೆ ಮೊದಲ ಡಬ್ಬ ತೆರೆದೆ.