ಬುಕ್ಕಾಂಬುಧಿ ಕೆರೆಯ ಹಾಜರಿ

ಸಣ್ಣಬೀರಪ್ಪ ಬುಕ್ಕಾಂಬುಧಿ ಕೆರೆಯ ನೀರುಗಂಟಿ. ಅವರಪ್ಪನೂ ಅದೇ, ತಾತನೂ ಅದೇ. ತೂಬು ಎತ್ತುವುದು, ಸರದಿಯ ಮೇಲೆ ನೀರು ಬಿಡುವುದು, ಏರಿಯಲ್ಲಿ ಬಿಲ ಕಂಡರೆ ಮುಚ್ಚುವುದು. ಈಗ ಎಲ್ಲರ ತೋಟದಲ್ಲೂ ಬೋರ್‌ವೆಲ್ ಇರುವುದರಿಂದ ನೀರು ಕೇಳುವವರು ಕಡಿಮೆ. ಆದರೂ ಅರವತ್ತೇಳರ ಈ ಮನುಷ್ಯ ದಿನಾ ಬೆಳಿಗ್ಗೆ ಏರಿಗೆ ಬಂದು ಆಮೆಗಳ ಹಾಜರಿ ತೆಗೆದುಕೊಳ್ಳುತ್ತಾರೆ. ತೂಬಿನ ಪಕ್ಕದ ಬಂಡೆಯ ಮೇಲೆ ಆರು ಆಮೆಗಳು ಬಿಸಿಲು ಕಾಯಿಸುತ್ತಿದ್ದವು. ಆರೂ ಕಂಡಮೇಲೆಯೇ ಅವರು ಮನೆಗೆ ಹೋಗಿ ರೊಟ್ಟಿ ಮುರಿಯುತ್ತಿದ್ದದ್ದು.

ಆ ಹಾಜರಿ ಕೆಡಿಸಿದ ಮಹಾಶಯ ನಾನೇ. ಹೆಸರು ದತ್ತಾತ್ರಿ, ಅಜ್ಜಂಪುರದಲ್ಲಿ ಜೆರಾಕ್ಸ್ ಅಂಗಡಿ. ಮಗಳು ವಿಭಾ ಹಟ ಹಿಡಿದಳೆಂದು ಸಾಕುವ ಬಣ್ಣದ ಮೀನು ಮಾರುವ ಅಂಗಡಿಯಿಂದ ಕಿವಿಯ ಹತ್ತಿರ ಕೆಂಪು ಪಟ್ಟೆಯಿದ್ದ ಹಸಿರು ಆಮೆಮರಿ ತಂದೆ. ಮನೆಗೆ ಅದೃಷ್ಟ ಎಂದು ಅಂಗಡಿಯವನು ಹೇಳಿದ್ದ. ಬಿಸ್ಕತ್ತಿನಷ್ಟಿದ್ದ ಅದೃಷ್ಟ ಮೂರು ವರ್ಷದಲ್ಲಿ ತಟ್ಟೆಯಷ್ಟಾಯಿತು. ತೊಟ್ಟಿ ನಾರುತ್ತಿತ್ತು, ಬೆರಳು ಕೊಟ್ಟರೆ ಕಚ್ಚುತ್ತಿತ್ತು.

"ಕೆರೆಗೆ ಬಿಟ್ಬಿಡೋ, ಮಗೂಗೆ ಆಯಸ್ಸು ಹೆಚ್ಚುತ್ತೆ" ಎಂದರು ನನ್ನಮ್ಮ ಭಾಗೀರಥಮ್ಮ. ಆಮೆಯೆಂದರೆ ಕೂರ್ಮಾವತಾರವಲ್ಲವೇ! ವಿಭಾಳ ಹುಟ್ಟುಹಬ್ಬದ ದಿನ ಅದರ ಬೆನ್ನಿಗೆ ಅರಿಶಿನ ಕುಂಕುಮ ಹಚ್ಚಿ, ಬಕೆಟ್ಟಿನಲ್ಲಿಟ್ಟುಕೊಂಡು ಸ್ಕೂಟರಿನಲ್ಲಿ ಹೊರಟೆವು.

ಏರಿಯ ಮೇಲೆ ಸಣ್ಣಬೀರಪ್ಪ ತಡೆದರು. ವಿಷಯ ಕೇಳಿ ಚಪ್ಪಲಿ ಬಿಟ್ಟರು. "ದೇವರ ಕೆಲ್ಸಕ್ಕೆ ಬ್ಯಾಡ ಅನ್ನೋಕೆ ನಾನ್ಯಾರು, ಸ್ವಾಮಿ?" ಎಂದು ಆಮೆಯನ್ನು ತಾವೇ ಎತ್ತಿಕೊಂಡು, ಮೆಟ್ಟಿಲಿಳಿದು ನೀರಿಗೆ ಬಿಟ್ಟು ಕೈಮುಗಿದರು. ನಾವೂ ಮುಗಿದೆವು. ಬರುತ್ತಾ ದಾರಿಯಲ್ಲಿ ಐಸ್‌ಕ್ರೀಮ್ ತಿಂದೆವು.

ಆಮೇಲೆ ಹಾಜರಿ ಐದಾಯಿತು, ನಾಲ್ಕಾಯಿತು. ಬಂಡೆಯ ಮೇಲೆ ನಮ್ಮ ಕೆಂಪು ಪಟ್ಟೆಯವನು ಒಬ್ಬನೇ ಕಾಲು ಚಾಚಿಕೊಂಡು ಮಲಗುತ್ತಿದ್ದನಂತೆ, ಹತ್ತಲು ಬಂದವುಗಳನ್ನು ನೂಕುತ್ತಿದ್ದನಂತೆ. ಕೆರೆಯ ಹಕ್ಕಿ ಎಣಿಸಲು ಬಂದಿದ್ದ ವಿಶ್ರುತ್ ಎಂಬ ಕಾಲೇಜು ಹುಡುಗ ಅದನ್ನು ನೋಡಿ ತಲೆ ಚಚ್ಚಿಕೊಂಡನಂತೆ. "ಇದು ಪರದೇಶದ್ದು ಯಜಮಾನ್ರೇ. ನಮ್ಮ ಆಮೆಗಳ ಜಾಗ, ಊಟ ಎರಡೂ ಕಿತ್ಕೊಳ್ಳುತ್ತೆ. ರೋಗಾನೂ ತರುತ್ತೆ. ಇದನ್ನ ಯಾರು ಬಿಟ್ಟಿದ್ದು?"

ಸಣ್ಣಬೀರಪ್ಪ ತಮ್ಮ ಎರಡು ಕೈಗಳನ್ನೂ ನೋಡಿಕೊಂಡರಂತೆ.

ಅಂದಿನಿಂದ ಬಿದಿರುಬುಟ್ಟಿ ಮುಳುಗಿಸಿ ಕಾಯತೊಡಗಿದರು. ಬಾಳೆಹಣ್ಣು ಇಟ್ಟರು, ಎರೆಹುಳು ಇಟ್ಟರು. ಕಳ್ಳ ಬೀಳಲಿಲ್ಲ. "ಆಮೆ ಹಿಂದೆ ಬಿದ್ದವ್ರಿಗೆ ಹೆಂಡ್ತಿ ನೆನಪಾದ್ರೂ ಐತಾ?" ಎಂದು ಮನೆಯಲ್ಲಿ ಶಕುಂತಲಮ್ಮ ರೇಗಿದರಂತೆ. ಹತ್ತೊಂಬತ್ತನೆಯ ದಿನ ಯಾರಲ್ಲೋ ನಂಬರು ಕೇಳಿ ನನಗೇ ಫೋನು ಮಾಡಿದರು.

"ದತ್ತಾತ್ರಿಯೋರೇ, ಅದು ನಿಮ್ಮನೇಲಿ ಏನ್ ತಿಂತಿತ್ತು?"

"ಚಪಾತಿ. ತುಪ್ಪ ಸವರಿದ್ದು."

ಅತ್ತ ಕಡೆಯಿಂದ ಒಂದು ಉದ್ಗಾರ ಕೇಳಿಸಿತು, ಅದನ್ನು ಇಲ್ಲಿ ಬರೆಯಲಾರೆ.

ಫೋನಾದ ಮೂರನೆಯ ದಿನ ಬಸ್ಸಿಳಿದು, ಮುಚ್ಚಳ ಕಟ್ಟಿದ ಬಕೆಟ್ಟು ಹಿಡಿದು ನನ್ನ ಅಂಗಡಿಗೇ ಬಂದರು. ಗಿರಾಕಿಗಳೆಲ್ಲ ಇದ್ದರು. "ತಗಳಿ ಸ್ವಾಮಿ, ನಿಮ್ಮ ಪುಣ್ಯ ವಾಪಸ್ ತಂದಿವ್ನಿ. ಇನ್ನೊಂದ್ ಕೆರೆಗೆ ಬಿಟ್ಟೀರ, ಹುಷಾರು!" ನನಗೆ ನೆಲ ಬಾಯಿಬಿಡಬಾರದೇ ಎನಿಸಿತು. ಈಗ ಅದು ನಮ್ಮ ಹಿತ್ತಲಿನ ದೊಡ್ಡ ತೊಟ್ಟಿಯಲ್ಲಿದೆ. ಇನ್ನೂ ಇಪ್ಪತ್ತು ವರ್ಷ ಬದುಕಬಹುದಂತೆ, ತೊಟ್ಟಿ ತಿಕ್ಕುವ ಸರದಿ ನನ್ನದು.

ಕಳೆದ ಭಾನುವಾರ ವಿಭಾ ಕ್ಷಮೆ ಕೇಳಬೇಕೆಂದು ಹಟ ಹಿಡಿದಳು. ಬೆಳಿಗ್ಗೆಯೇ ಹೋಗಿ ಏರಿಯ ಮೇಲೆ ಸಣ್ಣಬೀರಪ್ಪನವರ ಪಕ್ಕ ಕೂತೆವು. ಒಂದು ಆಮೆ ಬಂಡೆ ಹತ್ತಿತು. ಬಹಳ ಹೊತ್ತಿನ ಮೇಲೆ ಇನ್ನೆರಡು ಹತ್ತಿದವು. ನಾವು ಕಾಯುತ್ತಲೇ ಇದ್ದೆವು.

"ಮಿಕ್ಕ ಮೂರು ಎಲ್ಲಿ, ತಾತಾ?" ಎಂದಳು ವಿಭಾ.

ನನಗೆ ಬೈಯಲು ಒಂದು ದಿನವೂ ಹಿಂದೆಮುಂದೆ ನೋಡದ ಮನುಷ್ಯ ಅವಳ ತಲೆ ಸವರಿದರು. "ಬತ್ತಾವೆ ಕಣವ್ವ. ಇನ್ನೂ ಬಿಸ್ಲು ಏರ್ಬೇಕು."

ಬಿಸಿಲು ಆಗಲೇ ನೆತ್ತಿಯ ಮೇಲಿತ್ತು.