ಹದಿನೆಂಟನೆಯ ಗಂಟು

ಹೋದ ತಿಂಗಳು ಸಿಂಧನೂರಿನ ಬಜಾರದಲ್ಲಿ ಹಗ್ಗದ ಅಂಗಡಿಯೊಂದರ ಮುಂದೆ ಹಾಯುವಾಗ ನನ್ನ ಕಾಲು ಮುಂದಕ್ಕೆ ಏಳಲಿಲ್ಲ. ಈಗೆಲ್ಲ ನೈಲಾನಿನ ಹಗ್ಗಗಳು. ಆದರೆ ಅಂಗಡಿಯಾತ ಮೂಲೆಯಲ್ಲಿ ಪುಂಡಿಗಿಡದ ನಾರಿನ ಹಗ್ಗದ ಒಂದು ಸುರುಳಿ ಇಟ್ಟಿದ್ದ, ಅದು ಮಳೆಗೆ ತೋಯ್ದಿತ್ತು. ಕೊಳೆತ ನಾರಿನ ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಅಂಗೈ ಬೆವೆತವು. ಐವತ್ತು ವರ್ಷ ದಾಟಿತು... ಆದರೂ ನಮಗೆ ಶಾಲೆ ಕಲಿಸಿದ ಅಕ್ಕೋರು ನೆನಪಾದರೆ ನನಗೆ ಮೊದಲು ಬರುವುದು ಅಂಜಿಕೆ. ಅದು ಅವರ ಬಗೆಗಿನ ಅಂಜಿಕೆಯಲ್ಲ. ಅವರು ಯಾರಿಗೂ ಒಂದು ಏಟು ಹೊಡೆದವರಲ್ಲ.

ಮಸ್ಕಿ ಹತ್ತಿರದ ನಮ್ಮ ಊರಿಗೆ ಆಗಷ್ಟೇ ಕಾಲುವೆ ಬಂದಿತ್ತು. ಶಾಲೆ ಆಚೆ ದಂಡೆಗೆ, ಮನೆಗಳು ಈಚೆ ದಂಡೆಗೆ ಉಳಿದವು. ನಡುವೆ ಕಟ್ಟಿದ ಹೊಸ ಸೇತುವೆ ಗಟ್ಟಿಯಾಗಿ ನಿಲ್ಲಬೇಕಾದರೆ ಮಕ್ಕಳನ್ನು ಬಲಿ ಕೊಡುತ್ತಾರಂತೆ ಎಂಬ ಮಾತು ಊರೆಲ್ಲ ಹಬ್ಬಿತು. ಅವ್ವಂದಿರು ಮಕ್ಕಳನ್ನು ಹೊಸ್ತಿಲು ದಾಟಗೊಡಲಿಲ್ಲ. ಆಗ ಅಕ್ಕೋರು ಮನೆ ಮನೆಗೆ ಬಂದರು.

"ನಾನ ಕರ್ಕೊಂಡು ಹೋಗಿ ನಾನ ತಂದು ಬಿಡ್ತೀನ್ರೀ. ಎಣಿಸಿ ಒಯ್ತೀನಿ, ಎಣಿಸಿ ಕೊಡ್ತೀನಿ" ಎಂದು ನಮ್ಮವ್ವನಿಗೆ ಅವರು ಹೇಳಿದ್ದನ್ನು ನಾನು ಬಾಗಿಲ ಹಿಂದೆ ನಿಂತು ಕೇಳಿದ್ದೆ.

ಅವರು ಮುದಗಲ್ಲಿನವರು. ಮನೆಯಲ್ಲಿ ದಖನಿ ಮಾತು. ನಿಜಾಮರ ಕಾಲದಲ್ಲಿ ಉರ್ದು ಶಾಲೆ ಕಲಿತು, ಕನ್ನಡ ಅಕ್ಷರಗಳನ್ನು ದೊಡ್ಡವರಾದ ಮೇಲೆ ತಿದ್ದಿದವರು. "ನಾನೂ ಅಂಜಿಕೋತನ ಕಲ್ತೀನಿ" ಎನ್ನುತ್ತಿದ್ದರು. ಅದಕ್ಕೇ ಇರಬೇಕು, ನಮ್ಮ ಕೈಗೆ ಒಮ್ಮೆಲೇ ಪಾಟಿ ಬಳಪ ಕೊಡಲಿಲ್ಲ. ನೆಲದ ಮೇಲೆ ಉಸುಕು ಹರಡಿ ಬೆರಳಿನಿಂದ ಬರೆಸಿದರು. ತಪ್ಪಾದರೆ ಅಂಗೈಯಿಂದ ಸವರಿಬಿಟ್ಟರಾಯಿತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪುಂಡಿನಾರಿನ ಹಗ್ಗಕ್ಕೆ ಹದಿನೆಂಟು ಗಂಟು ಹಾಕಿ ನೆಲದ ಮೇಲೆ ಚಾಚಿ, "ಹನ್ನೆರಡರ ಮ್ಯಾಲೆ ನಿಂದ್ರು. ಐದು ಗಂಟು ಹಿಂದಕ ಬಾ. ಈಗ ಎಲ್ಲಿದ್ದಿ?" ಎಂದು ಕೇಳುತ್ತಿದ್ದರು. ಕಳೆಯುವ ಲೆಕ್ಕವನ್ನು ನಾವು ಕಾಲಿನಿಂದ ಕಲಿತೆವು. ದಿನಾ ಬೆಳಿಗ್ಗೆ ಪ್ರತಿಯೊಬ್ಬರೂ ದಾರಿಯಲ್ಲಿ ಕಂಡದ್ದನ್ನು ಒಂದು ಸಾಲು ಬರೆಯಬೇಕು. ನಾನು ಪಕ್ಕದವರದನ್ನು ನೋಡಿ ಬರೆಯುತ್ತಿದ್ದೆ. ಸ್ವಂತ ಒಂದು ಶಬ್ದವನ್ನೂ ಬರೆದವಳಲ್ಲ. ಕನ್ನಡ ಅಂಕಿಯಲ್ಲಿ ಒಂದು (೧) ಬರೆಯುವಾಗ ಅದರ ಬಾಯಿ ಮುಚ್ಚಿಬಿಡುತ್ತಿದ್ದೆ, ಅದು ಸೊನ್ನೆಯಾಗುತ್ತಿತ್ತು.

ಸಂಜೆ ಶಾಲೆ ಬಿಟ್ಟ ಮೇಲೆ ಅದೇ ಹಗ್ಗ ಹಿಡಿದು ಕಾಲುವೆಯ ಏರಿಯ ಮೇಲೆ ಸಾಲಾಗಿ ನಡೆಯಬೇಕು. ಒಬ್ಬೊಬ್ಬರಿಗೆ ಒಂದೊಂದು ಗಂಟು. ನನ್ನದು ಹದಿನೇಳು. ಕೊನೆಯ ಗಂಟು ಹುಲಿಗೆವ್ವನದು, ಅವಳು ಧೈರ್ಯದವಳೆಂದು. ಸೇತುವೆ ದಾಟಿದ ಕೂಡಲೇ ಎಲ್ಲರೂ ತಂತಮ್ಮ ಅಂಕಿಯನ್ನು ದಾರಿಯ ಧೂಳಿನಲ್ಲಿ ಬರೆದು ಮನೆಗೆ ಓಡುತ್ತಿದ್ದೆವು. ಅಕ್ಕೋರು ಹಗ್ಗ ಸುತ್ತಿಕೊಳ್ಳುತ್ತಾ ಆ ಸಾಲನ್ನು ಓದಿ ಹದಿನೆಂಟು ಮುಗಿಸಿಯೇ ತಿರುಗುತ್ತಿದ್ದರು.

ಆ ದಿನ ಕಾಲುವೆ ತುಂಬಿ ಹರಿಯುತ್ತಿತ್ತು. ನೀರಿನ ಮಟ್ಟ ನೋಡಲು ದಂಡೆಯ ಮೆಟ್ಟಿಲ ಬಳಿ ಅಂಕಿ ಬರೆದ ಕಲ್ಲೊಂದನ್ನು ನೆಟ್ಟಿದ್ದರು. ಜಾಲಿಗಿಡಗಳ ತಿರುವಿನಲ್ಲಿ ಹುಲಿಗೆವ್ವ ನನ್ನ ಕಿವಿಯಲ್ಲಿ, "ಲೇ, ನೀರು ಎಷ್ಟನೇ ನಂಬರಿಗೆ ಬಂದೈತಿ ನೋಡಿ ಬರ್ತೀನಿ. ನಾಳೆ ಅದನ್ನ ಬರೀತೀನಿ. ಅಕ್ಕೋರಿಗೆ ಹೇಳಬ್ಯಾಡ" ಎಂದಳು. ಬೇಡವೆನ್ನಬೇಕೆಂದುಕೊಂಡೆ, ಬಾಯಿ ಬರಲಿಲ್ಲ. ಹಗ್ಗ ಸಡಿಲಾದರೆ ಅಕ್ಕೋರಿಗೆ ತಿಳಿದೀತೆಂದು ಅವಳ ಗಂಟನ್ನೂ ನಾನೇ ಹಿಡಿದೆ. ಹಿಂದೆ ತಿರುಗಿ ನೋಡಲು ಧೈರ್ಯ ಸಾಲಲಿಲ್ಲ.

ಸೇತುವೆ ದಾಟಿದೆವು. ಹುಲಿಗೆವ್ವ ಬರಲಿಲ್ಲ. ನಾನು ಹದಿನೇಳು ಬರೆದೆ. ಪಕ್ಕದಲ್ಲಿ ಹದಿನೆಂಟೂ ಬರೆದೆ. ಬರೆದು ಓಡಿದೆ.

"ಏ ಹದಿನೇಳು, ನಿಂದ್ರು."

ಅಕ್ಕೋರು ಧೂಳಿನ ಮೇಲೆ ಬಗ್ಗಿ ನಿಂತಿದ್ದರು. ಅಲ್ಲಿ ಬಾಯಿ ಮುಚ್ಚಿದ ಒಂದುಗಳು ಎರಡು ಇದ್ದವು. ಎರಡೂ ನನ್ನವೇ.

"ಹುಲಿಗೆವ್ವ ಎಲ್ಲಿ ಅದಾಳ?"

ನನ್ನ ಹಲ್ಲು ಕಟಕಟ ಎನ್ನುತ್ತಿದ್ದವು. ಲಂಗ ಒದ್ದೆಯಾಗಿತ್ತು. ಅಕ್ಕೋರ ಮುಖ ಬಿಳಿಚಿಕೊಂಡಿತ್ತು, ಆದರೂ ಅವರು ದನಿ ಏರಿಸಲಿಲ್ಲ. ಮೊಣಕಾಲೂರಿ ಕುಳಿತು, "ಬಾಯಿಲೆ ಆಗಲಿಲ್ಲಂದ್ರ ಬೆರಳಿಲೆ ಹೇಳು, ಮಗಾ" ಎಂದರು.

ನಾನು ಬರೆದೆ: ನೀರು. ಯಾರದನ್ನೂ ನೋಡದೆ ನಾನು ಬರೆದ ಮೊದಲ ಶಬ್ದ ಅದು.

ಅವರು ಹಗ್ಗ ಹಿಡಿದು ಓಡಿದರು, ಹಿಂದೆ ನಾನು. ಹುಲಿಗೆವ್ವ ಕುತ್ತಿಗೆ ಮಟ್ಟ ನೀರಲ್ಲಿ ಆ ಕಲ್ಲನ್ನು ತಬ್ಬಿಕೊಂಡಿದ್ದಳು. ಕಣ್ಣು ಮಾತ್ರ ಕಾಣುತ್ತಿದ್ದವು, ಕೂಗು ಇರಲಿಲ್ಲ. ಅಕ್ಕೋರಿಗೆ ಈಜು ಬರುತ್ತಿರಲಿಲ್ಲ. ಹಗ್ಗದ ಒಂದು ತುದಿಯನ್ನು ಜಾಲಿಗಿಡಕ್ಕೆ ಬಿಗಿದು ಇನ್ನೊಂದು ತುದಿಯನ್ನು ಎಸೆದರು. ಹಗ್ಗ ದೂರ ಬಿತ್ತು. ಮತ್ತೆ ಎಸೆದರು. ಹಗ್ಗ ಹಿಡಿಯಲು ಅವಳು ಒಂದು ಕೈ ಬಿಟ್ಟಾಗ ಅವಳ ತಲೆ ಮುಳುಗಿ ಮೇಲೆ ಬಂತು...

"ಗಂಟು ಹಿಡಿ! ಎಣಿಸ್ಕೋತ ಬಾ! ಹದಿನೆಂಟು... ಹದಿನೇಳು..."

ಅವಳು ಒಂದೊಂದೇ ಗಂಟು ಹಿಡಿದು ಬಂದಂತೆ ಅವರು ಎಣಿಸುತ್ತಾ ಎಳೆದರು. ಗದ್ದೆಯಲ್ಲಿ ನಾಟಿ ಹಚ್ಚುತ್ತಿದ್ದ ಹೆಂಗಸರು ಓಡಿ ಬಂದು ಕೈ ಹಚ್ಚಿದರು. ಹನ್ನೊಂದನೆಯ ಗಂಟಿಗೆ ಹುಲಿಗೆವ್ವ ದಂಡೆಗೆ ಬಂದಳು. ಅಕ್ಕೋರ ಅಂಗೈಯ ತೊಗಲು ಸುಲಿದು ಹೋಗಿತ್ತು.

ಮರುದಿನ ಊರ ಹಿರಿಯರು ಶಾಲೆಗೆ ಬಂದರು. ಹೊರಗಿನಾಕೆ, ಮಕ್ಕಳನ್ನು ನೀರಿಗೆ ಬಲಿ ಕೊಡಲು ಒಯ್ಯುತ್ತಾಳೆ ಎಂದು ಯಾರೋ ಅಂದರು. ಹುಲಿಗೆವ್ವನ ಅಪ್ಪ ಚೀರಾಡಿದ. ನಡೆದದ್ದು ನನಗೆ ಗೊತ್ತಿತ್ತು. ನಾನು ಕಂಬದ ಹಿಂದೆ ನಿಂತೇ ಇದ್ದೆ.

"ಎಣಿಕಿ ನಂದು, ತಪ್ಪೂ ನಂದು" ಎಂದಷ್ಟೇ ಹೇಳಿದರು ಅಕ್ಕೋರು. ತಿಂಗಳೊಳಗೆ ಅವರಿಗೆ ಲಿಂಗಸುಗೂರು ಕಡೆಗೆ ವರ್ಗವಾಯಿತು. ಅವರು ಹೋಗುವ ದಿನ ನಾನು ಜ್ವರವೆಂದು ಮಲಗಿದ್ದೆ. ಜ್ವರ ಇರಲಿಲ್ಲ.

ಮುಂದೆ ನಾನೂ ಶಾಲೆಯ ಕೆಲಸಕ್ಕೆ ಸೇರಿದೆ. ಒಮ್ಮೆ ಲಿಂಗಸುಗೂರಿನ ಸಭೆ ಮುಗಿಸಿ ಮುದಗಲ್ ಬಸ್ಸು ಹತ್ತಿದೆ. ಅಕ್ಕೋರ ಮನೆ ಸಿಕ್ಕಿತು. ಬಾಗಿಲಲ್ಲಿ ಅವರ ತಮ್ಮ ನಿಂತಿದ್ದರು. "ಆಪಾ ತೀರ್ಕೊಂಡು ಎರಡು ವರ್ಷ ಆತಲ್ಲವ್ವ..." ಎಂದರು. ಅಲ್ಲೂ ಏನೂ ಹೇಳದೆ ಚಹಾ ಕುಡಿದು ಬಂದೆ.

ಹೋದ ತಿಂಗಳು ಆ ಹಗ್ಗ ಕಂಡ ದಿನ ಸಿಂಧನೂರಿನಿಂದ ಮನೆಗೆ ಹೋಗಲಿಲ್ಲ. ನೇರ ಬಳಗಾನೂರಿಗೆ, ಹುಲಿಗೆವ್ವನ ಮನೆಗೆ ಹೋದೆ. ಅವಳಿಗೆ ಈಗ ಮೊಮ್ಮಕ್ಕಳು. ಪಡಸಾಲೆಯಲ್ಲಿ ಕುಳಿತು, ಅವತ್ತು ನಾನು ಅವಳ ಅಂಕಿ ಬರೆದು ಓಡಿದ್ದನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದೆ. ದನಿ ಏಳು ವರ್ಷದವಳ ದನಿಯ ಹಾಗೆ ನಡುಗುತ್ತಿತ್ತು. ಎದ್ದು ಹೋಗು ಅನ್ನುತ್ತಾಳೆಂದು ಅಂಜಿದೆ.

"ಅಕ್ಕೋರು ಹೋಗೋ ದಿನ ನಮ್ಮನಿಗೆ ಬಂದಿದ್ರು" ಎಂದಳು. "'ಆಕಿ ಓಡಿ ಬಂದು ಹೇಳಿದ್ಲು, ಅದಕ್ಕ ನೀ ಉಳದಿ. ಆಕಿ ಗೆಳೆತನ ಬಿಡಬ್ಯಾಡ' ಅಂದ್ರು. ನಾ ಇಷ್ಟು ವರ್ಷ ಹಂಗಂತನ ತಿಳಕೊಂಡೀನಿ."

ನಾನು ಓಡಿ ಬಂದು ಹೇಳಿರಲಿಲ್ಲ, ಓಡಿ ಹೋಗುತ್ತಿದ್ದವಳನ್ನು ಅಕ್ಕೋರೇ ನಿಲ್ಲಿಸಿ ಕೇಳಿದ್ದರು.

"ಅಕ್ಕೋರು ಹಂಗಂದಾರಂದ್ರ ಹಂಗ ಇರ್ಲಿ ಬಿಡು" ಎಂದು ಹುಲಿಗೆವ್ವ ಒಳಗೆ ಹೋದಳು. ನಾನು ಅಲ್ಲೇ ಕುಳಿತೆ. ಅಳಬೇಕಾಗಿದ್ದುದು ಅಕ್ಕೋರ ಮುಂದೆ... ಅವರಿರಲಿಲ್ಲ.