ಮೊಮ್ಮಗಳು ಸಮುದ್ರ ಅಳೆದ ದಿನ

ನನ್ನ ಮೊಮ್ಮಗಳು ಸಮುದ್ರ ಅಳೆಯುತ್ತಾಳೆ. ಸಿಂಧನೂರಿನ ಬಸ್ಸಿನಲ್ಲಿ ಹೀಗೆಂದರೆ ಪಕ್ಕದವರು ನನ್ನ ಮುಖ ನೋಡುತ್ತಾರೆ. ನೋಡಲಿ.

ಕಡಲ ಅಂಚಿನ, ಬಸ್ಸೂ ಹೋಗದ ಒಂದು ಮೀನುಗಾರರ ಊರಿಗೆ ಜೆಟ್ಟಿ ಕಟ್ಟುವುದಿತ್ತು. ಅಂದರೆ ದೋಣಿಗಳು ಬಂದು ನಿಲ್ಲುವ ಕಟ್ಟೆ. ಕಟ್ಟುವ ಮೊದಲು ನೀರಿನ ಆಳ ಅಳೆಯಬೇಕು. ದೋಣಿಯಲ್ಲಿ ದಿನವಿಡೀ ನಿಲ್ಲಲಾಗದಿದ್ದರೆ ಆಫೀಸಿನ ಕುರ್ಚಿಯೇ ಗತಿ ಎಂದು ಅವಳ ಸಾಹೇಬರು ಮೊದಲೇ ಹೇಳಿದ್ದರು. ನಮ್ಮ ಸಾಲಗುಂದದ ಹುಡುಗಿ, ಕಾಲುವೆಗಿಂತ ದೊಡ್ಡ ನೀರು ಕಂಡವಳಲ್ಲ. ರೊಟ್ಟಿ ಮಾಡಿಕೊಡುವ ನೆಪದಲ್ಲಿ ನಾನೂ ಜೊತೆಗೆ ಹೋದೆ.

ಬೆಳಿಗ್ಗೆ ದಡದ ನೀರಿನಲ್ಲಿ ಅಂಕಿ ಬರೆದ ಕೋಲೊಂದನ್ನು ನೆಟ್ಟು, ಅದಕ್ಕೊಂದು ಯಂತ್ರ ಕಟ್ಟಿದಳು.

"ನೀರು ಎಲ್ಲಿತನ ಐತಿ ಅಂತ ಇದು ಬರಕೊಳ್ತೈತಬೇ ಅಜ್ಜಿ. ಯಾರೂ ಮುಟ್ಟದಂಗ ನೋಡ್ಕೋ," ಎಂದು ಸಾಹೇಬರ ಜೊತೆ ದೋಣಿ ಹತ್ತಿದಳು.

ಸ್ವಲ್ಪ ಹೊತ್ತಿಗೆ ನೀರು ಇಳಿಯತೊಡಗಿತು. ನಾವು ಕಾಲುವೆಯ ಕೊನೆಯ ಭಾಗದವರು. ನಮ್ಮ ಪಾಳಿಯಲ್ಲಿ ನೀರು ಇಳಿಯಿತೆಂದರೆ ಮೇಲಿನ ಹೊಲದವರು ತಿರುಗಿಸಿಕೊಂಡರೆಂದೇ ಲೆಕ್ಕ. ಸಲಿಕೆ ಹಿಡಿದು ಓಡುವುದೇ. ಮೊಮ್ಮಗಳ ಅಳತೆ ಕೆಡುತ್ತದಲ್ಲ ಎಂದು ಸೀರೆ ಎತ್ತಿ ಕಟ್ಟಿದೆ. ಹತ್ತಿರದಲ್ಲಿ ಮೀನು ಒಣಗಿಸುತ್ತಿದ್ದ ಹೆಂಗಸಿನ ಮುಂದೆ ಹೋಗಿ ನಿಂತೆ.

"ಮ್ಯಾಲ ಯಾರವ್ವಾ ನೀರು ತಿರುವಿದವರು? ನನ್ನ ಮೊಮ್ಮಗಳ ಕೆಲಸ ನಡದೈತಿ. ಸಂಜಿತನ ಬಿಡ್ರಿ ಅಂತ ಹೇಳು."

ಅವಳು ಬುಟ್ಟಿ ಕೆಳಗಿಟ್ಟು ನಕ್ಕಳು. "ಆಕಾಶದ ಚಂದ್ರ, ಅಜ್ಜಿ, ಅವನೇ ತಿರುಗಿಸಿದ್ದು. ಹೋಗಿ ಜಗಳ ಮಾಡಿ. ಇದು ಇಳಿತ. ದಿನಾ ಇಳೀತದೆ, ದಿನಾ ಏರ್ತದೆ."

"ದಿನಾ ನೀರು ಬರತೈತಿ? ಪಾಳಿ ಇಲ್ಲೇನು? ಪುಣ್ಯವಂತರು ಬಿಡವ್ವ ನೀವು."

"ಎಂಥ ಪುಣ್ಯ? ಒಂದು ಗುಟುಕು ಕುಡಿದು ನೋಡಿ."

ಆಮೇಲೆ ಅವಳ ಜೊತೆಯಲ್ಲೇ ಕೂತು ಮೀನಿಗೆ ಬರುವ ಕಾಗೆ ಓಡಿಸಿದೆ. ಕಣ್ಣು ಮಾತ್ರ ದೋಣಿಯ ಮೇಲೆಯೇ.

ಇಳಿಹೊತ್ತಿಗೆ ದೋಣಿ ಬಂತು. ಮೊಮ್ಮಗಳ ಮುಖ ಬಾಡಿತ್ತು. ಎದ್ದು ನೀರಿನಂಚಿಗೆ ಓಡಿದೆ.

"ಏನಾತವ್ವ?"

"ವಾಂತಿ ಆತಬೇ."

ದೋಣಿಯವನು ಹಗ್ಗ ಕಟ್ಟುತ್ತ, "ಒಂದು ಕೈಲಿ ಬಕೆಟ್ ಹಿಡಿದೇ ಅಳೆದ್ರು ಅಜ್ಜಿ. ವಾಪಸ್ ಹೋಗುವಾ ಅಂದ್ರೆ ನನಗೇ ಗದರಿದ್ರು," ಎಂದ.

ಹಿಂದೆಯೇ ಇಳಿದ ಸಾಹೇಬರು ಅವಳಿಗೆ ಹೇಳಿದ್ದು ಇಷ್ಟೇ: "ನಾಳೆ ಬೇಗ ಹೊರಡಬೇಕು. ದೋಣಿ ನಿಮ್ಮದೇ, ನಾನು ಬರೋದಿಲ್ಲ."

ನಾನು ನಿಂತಲ್ಲಿಂದಲೇ ಊರಿಗೆ, ನಮ್ಮ ಯಜಮಾನರಿಗೆ ಫೋನು ಮಾಡಿದೆ.

"ನಿಮ್ಮ ಮೊಮ್ಮಗಳು ದಿನಪೂರ್ತಿ ದ್ವಾಣ್ಯಾಗ ನಿಂತಾಳ್ರೀ. ನಾಳೆಯಿಂದ ಅಕಿದೇ ದ್ವಾಣಿ."

"ನೀ ಯಾಕ ಅಳಾಕತ್ತಿ?"

"ಅದನ್ನ ಆಮ್ಯಾಲ ಕೇಳ್ರಿ. ಮೊದಲು ಓಣ್ಯಾಗ ಹೇಳಿ ಬರ್ರಿ."